ಕರೆಂಟು ಹೋದರೆ ಊಟ

ನಮ್ಮ ಮನೆಯಲ್ಲಿ ಹಸಿವಾದಾಗ ಊಟ ಮಾಡುವ ಪದ್ಧತಿ ಇರಲಿಲ್ಲ. ಕರೆಂಟು ಹೋದಾಗ ಮಾಡುತ್ತಿದ್ದೆವು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನೇಕಾರರ ಮನೆಗಳೆಲ್ಲದರ ಕಥೆಯೂ ಇದೇ. ಮುಂದಿನ ಹಜಾರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಸಿಕ್ಕ ಜಾಗದಲ್ಲಿ ನಾವು. ಮಗ್ಗ ಓಡುತ್ತಿರುವಾಗ ತಟ್ಟೆಯ ಮುಂದೆ ಕೂರುವುದೆಂದರೆ ಬಂದ ಕರೆಂಟಿಗೆ ಅವಮಾನ ಮಾಡಿದಂತೆ ಎಂದು ಅಪ್ಪ ನಂಬಿದ್ದ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಕರೆಂಟು ಹೊಸ ಅಳಿಯನ ಹಾಗೆ ತನಗಿಷ್ಟವಾದಾಗ ಬರುತ್ತಿತ್ತು, ಹೇಳದೆ ಕೇಳದೆ ಹೋಗುತ್ತಿತ್ತು. ಲೋಡ್ ಶೆಡ್ಡಿಂಗ್ ವೇಳಾಪಟ್ಟಿಯನ್ನು ಅಪ್ಪ ದೇವರ ಪಟದ ಪಕ್ಕದಲ್ಲೇ ಅಂಟಿಸಿದ್ದ. ಬೆಳಿಗ್ಗೆ ಕೈಮುಗಿದು ನಿಂತಾಗ ಅವನ ಕಣ್ಣು ಯಾವುದರ ಮೇಲಿರುತ್ತಿತ್ತು ಎಂದು ನಮಗೆಲ್ಲ ಗೊತ್ತಿತ್ತು.

ಬೆಳಿಗ್ಗೆ ಹತ್ತಕ್ಕೆ ಹೋದರೆ ಹತ್ತಕ್ಕೆ ಊಟ, ಸಂಜೆ ನಾಲ್ಕಕ್ಕೆ ಹೋದರೆ ನಾಲ್ಕಕ್ಕೆ. ನಾಲ್ಕೂ ಮಗ್ಗ ಒಟ್ಟಿಗೆ ಗಪ್ಪನೆ ನಿಂತ ಕೂಡಲೇ ನಮ್ಮ ಬಾಯಲ್ಲಿ ನೀರೂರುತ್ತಿತ್ತು. ಹೊಟ್ಟೆ ತುಂಬಿದ್ದರೂ ಊರುತ್ತಿತ್ತು. ಅಮ್ಮ ಓಡಿ ಬಂದು ಎಲ್ಲರಿಗೂ ಬಡಿಸುತ್ತಿದ್ದಳು. ಅಜ್ಜಿಗೆ, ಅಪ್ಪನಿಗೆ, ನನಗೆ, ತಮ್ಮನಿಗೆ. ಅವಳು ತನ್ನ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಕರೆಂಟು ಬರುತ್ತಿತ್ತು. ನಿಂತಲ್ಲೇ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುವ ಯಂತ್ರದ ಮುಂದೆ ಹೋಗಿ ಕೂರುತ್ತಿದ್ದಳು. ಕಂಡಿಕೆ ಇಲ್ಲದಿದ್ದರೆ ನಾಲ್ಕು ಮಗ್ಗವೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತವಲ್ಲ. ಇದು ದಿನವೂ ನಡೆಯುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ನಮ್ಮ ಸಂಸಾರ ನಡೆಯುತ್ತಿದ್ದುದು ಕೈಸನ್ನೆಯಲ್ಲಿ. ಎರಡು ಬೆರಳು ಜೋಡಿಸಿ ಹೊಸೆದರೆ ನೂಲು ಕಿತ್ತಿದೆ ಎಂದರ್ಥ. ಐದು ಬೆರಳು ಬಾಯಿಗೆ ಒಯ್ದರೆ ಊಟ. ಅಂಗೈ ಎತ್ತಿ ತೋರಿಸಿದರೆ ‘ಇರು, ಆಮೇಲೆ’. ಈ ಕೊನೆಯ ಸನ್ನೆ ಅಪ್ಪನ ಸ್ವಂತ ಆಸ್ತಿ. ಅಮ್ಮ ಏನು ಕೇಳಿದರೂ ಅವನ ಅಂಗೈ ಮೇಲೇಳುತ್ತಿತ್ತು. ಅವಳ ತವರಿಗೆ ಹೋಗುವುದು, ಸೋರುವ ಅಡುಗೆಮನೆ ಮಾಡು, ನನ್ನ ಕನ್ನಡಕ, ಎಲ್ಲದಕ್ಕೂ ಅಂಗೈ.

ಆ ಅಂಗೈಗೆ ಸಿಕ್ಕಿ ಹಾಗೇ ಉಳಿದಿದ್ದ ಅತಿ ಹಳೆಯ ಬೇಡಿಕೆ ಜೈಂಟ್ ವೀಲ್. ಮದುವೆಯಾದ ಹೊಸದರಲ್ಲಿ ಇಬ್ಬರೂ ಬೆಂಗಳೂರಿಗೆ ಒಂದು ವಸ್ತುಪ್ರದರ್ಶನ ನೋಡಲು ಹೋಗಿದ್ದರಂತೆ. ಅಮ್ಮ ಚಕ್ರವನ್ನು ತೋರಿಸಿ ಹತ್ತೋಣ ಎಂದಳಂತೆ. ಕೊನೆಯ ಬಸ್ಸು ತಪ್ಪಿಹೋಗುತ್ತದೆ, ಮುಂದಿನ ಸಲ ಖಂಡಿತ ಎಂದ ಅಪ್ಪ. ಮುಂದಿನ ಸಲ ಬರಲು ಹದಿನಾರು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನು ಒಂಬತ್ತನೇ ಕ್ಲಾಸಿಗೆ ಬಂದಿದ್ದೆ, ತಮ್ಮ ಐದನೆಯದಕ್ಕೆ.

ನಮಗೆ ನೂಲು ಕೊಡುತ್ತಿದ್ದ ವ್ಯಾಪಾರಿ ಆ ವರ್ಷ ಹಬ್ಬಕ್ಕೆ ಸಿಹಿ ಡಬ್ಬಿಯ ಬದಲು ಐದು ಪಾಸು ಕೊಟ್ಟ. ತುಮಕೂರು ರಸ್ತೆಯಲ್ಲಿ, ನೆಲಮಂಗಲದಿಂದಾಚೆ, ಹೊಸದಾಗಿ ತೆರೆದಿದ್ದ ಪಾರ್ಕಿನವು. ಪಾಸಿನ ಮೇಲೆ ದೊಡ್ಡ ಚಕ್ರದ ಚಿತ್ರವಿತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, ಅಪ್ಪನನ್ನು ನೋಡಿದಳು. ಅಂದು ಮಗ್ಗ ನಿಂತಿತ್ತು, ಅಂಗೈ ಎತ್ತಲು ನೆಪವಿರಲಿಲ್ಲ.

“ಹೋಗಣ ಬಿಡು,” ಎಂದ ಅಪ್ಪ.

“ನಾನು ಅದ್ರಲ್ಲಿ ಕೂತ್ಕಳ್ಳೇಬೇಕು. ಬೇರೆ ಯಾವುದೂ ಬ್ಯಾಡ ನಂಗೆ,” ಎಂದಳು ಅಮ್ಮ. ಅವಳು ತನಗಾಗಿ ‘ಕೂತ್ಕಳ್ಳೇಬೇಕು’ ಎಂಬಂಥ ಮಾತು ಬಳಸಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಅಜ್ಜಿ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದಳು.

ಪಾರ್ಕಿನಲ್ಲಿ ಒಂದು ವಿಚಿತ್ರ ವ್ಯವಸ್ಥೆ ಇದೆಯೆಂದು ವ್ಯಾಪಾರಿಯೇ ಹೇಳಿದ್ದ. ದೊಡ್ಡ ಆಟಗಳಿಗೆ ನೂಕುನುಗ್ಗಲು ಆಗದಿರಲಿ ಎಂದು ಕೌಂಟರಿನಲ್ಲಿ ಸಮಯದ ಚೀಟಿ ಕೊಡುತ್ತಾರೆ. ಚೀಟಿಯ ಮೇಲೆ ಬರೆದ ಹೊತ್ತಿಗೆ ಹೋಗಿ ನಿಂತರೆ ಆಟ, ತಪ್ಪಿದರೆ ಚೀಟಿ ರದ್ದು, ಎರಡನೆಯದು ಇಲ್ಲ. ಇದನ್ನು ಕೇಳಿ ಅಪ್ಪನ ಮುಖ ಅರಳಿದ ರೀತಿಯನ್ನು ನಾನು ಮರೆತಿಲ್ಲ. ಆಟವಾಡಲು ಹೋಗುವ ಜಾಗದಲ್ಲೂ ಒಂದು ವೇಳಾಪಟ್ಟಿ! ಸೀರೆಯ ಅಂಚಿನ ಡಿಸೈನು ಬಿಡಿಸುವ ಗ್ರಾಫ್ ಹಾಳೆಯನ್ನು ತೆಗೆದು, ಒಂದೊಂದು ಚೌಕಕ್ಕೆ ಐದೈದು ನಿಮಿಷ ಹಿಡಿದು, ಇಡೀ ದಿನವನ್ನು ಅದರಲ್ಲಿ ತುಂಬಿದ. ಆಟಕ್ಕೆ ಕೆಂಪು, ಊಟಕ್ಕೆ ಹಸಿರು. ನಡುವೆ ಒಂದು ಗಂಟೆ ಪೂರ್ತಿ ಖಾಲಿ.

ಆ ಖಾಲಿ ಚೌಕಗಳೇ ಅವನ ಮುಖ್ಯ ಸಿದ್ಧಾಂತ. ಉಂಡ ಮೇಲೆ ಒಂದು ಗಂಟೆ ಯಾರೂ ತಿರುಗುವ ಯಾವುದನ್ನೂ ಹತ್ತಕೂಡದು. ಇದಕ್ಕೆ ಕಾರಣ ನನ್ನ ತಮ್ಮ. ಅವನು ಬಸ್ಸು ಸ್ಟಾರ್ಟ್ ಆದರೆ ಸಾಕು, ಕಿಟಕಿ ಹುಡುಕುವ ಕುಲದವನು.

“ಮಗ್ಗಕ್ಕೆ ಎಣ್ಣೆ ಬಿಟ್ಟ ತಕ್ಷಣ ಓಡಿಸಿದ್ರೆ ಏನಾಗ್ತದೆ? ಸೀರೆ ಮೇಲೆಲ್ಲ ಸಿಡೀತದೆ. ಹೊಟ್ಟೆನೂ ಹಂಗೇ,” ಎಂದು ಅಪ್ಪ ವಿವರಿಸಿದ.

“ಥೂ, ಉಣ್ಣೋ ಟೈಮಲ್ಲಿ ಎಂಥ ಮಾತು ಅಂತ ಆಡ್ತೀಯೋ,” ಎಂದಳು ಅಜ್ಜಿ, ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ.

ಹೊರಟ ದಿನ ಬಸ್ಸು ದಾರಿಯಲ್ಲಿನ ಮಧುರೆ ಊರು ದಾಟುವ ಮೊದಲೇ ತಮ್ಮ ಕಿಟಕಿಯಲ್ಲಿ ತನ್ನ ಕೆಲಸ ಮುಗಿಸಿದ. ಅಪ್ಪ ಗಡಿಯಾರ ನೋಡಿ, ಗ್ರಾಫ್ ಹಾಳೆಯಲ್ಲಿ ಎರಡು ಚೌಕ ಹೊಡೆದುಹಾಕಿದ. ಪಾರ್ಕಿನ ಬಾಗಿಲಲ್ಲಿ ಕಾವಲಿನವನು ಅಮ್ಮನ ಪ್ಲಾಸ್ಟಿಕ್ ವೈರಿನ ಬ್ಯಾಗು ಹಿಡಿದುಕೊಂಡು, ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದ. ಅದರಲ್ಲಿ ಪುಳಿಯೋಗರೆ, ಚಪಾತಿ, ಹುರಿದ ಮೆಣಸಿನಕಾಯಿ, ಒಂದು ದೊಡ್ಡ ಡಬ್ಬಿ ಮೊಸರನ್ನ ಇತ್ತು.

“ಊಟ ಅಲ್ಲ ಕಣಪ್ಪಾ, ಔಷಧಿ,” ಎಂದಳು ಅಜ್ಜಿ.

“ಇಷ್ಟೊಂದಾ?”

“ಕಾಯಿಲೆ ದೊಡ್ಡದು.”

ಅವನು ನಮ್ಮನ್ನು ಬಿಟ್ಟ. ಪುಳಿಯೋಗರೆಯ ವಾಸನೆ ಗೊತ್ತಾಗದಷ್ಟು ದಡ್ಡನೇನಲ್ಲ, ನಮ್ಮ ಗಂಟಲಿಗೆ ಹೆದರಿದ. ಮಗ್ಗದ ಮನೆಯವರು ಗುಟ್ಟು ಹೇಳಿದರೂ ಪಕ್ಕದ ಊರಿಗೆ ಕೇಳಿಸುತ್ತದೆ.

ಜೈಂಟ್ ವೀಲ್ ಚೀಟಿ ಒಂದೂವರೆಗೆ ಸಿಕ್ಕಿತು. ಐದೂ ಒಂದೇ ಹೊತ್ತಿಗೆ, ಒಂದೇ ತೊಟ್ಟಿಲಿಗೆ. ಅಮ್ಮ ಐದನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ರವಿಕೆಯೊಳಗೆ ಇಟ್ಟುಕೊಂಡಳು. ಅಪ್ಪನ ಲೆಕ್ಕ ಸರಿಯಾಗಿ ಕೂತಿತ್ತು. ಹನ್ನೆರಡಕ್ಕೆ ಊಟ, ಹನ್ನೆರಡೂವರೆಗೆ ಮುಗಿಯಬೇಕು, ಒಂದು ಗಂಟೆ ಖಾಲಿ, ಒಂದೂವರೆಗೆ ಚಕ್ರ.

ಹನ್ನೆರಡಕ್ಕೆ ಒಂದು ಹೊಂಗೆ ಮರದ ಕೆಳಗೆ ಜಮಖಾನ ಹಾಸಿ ಕೂತೆವು. ಅಮ್ಮ ಡಬ್ಬಿಗಳ ಮುಚ್ಚಳ ತೆಗೆದಳು. ಪಕ್ಕದಲ್ಲಿ ತೂಗುವ ಹಡಗು ಕಿರ್ರೋ ಎನ್ನುತ್ತಿತ್ತು, ಆಚೆ ಪುಟ್ಟ ಕಾರುಗಳು ಒಂದಕ್ಕೊಂದು ಗುದ್ದುತ್ತಿದ್ದವು, ಎದುರಿಗೆ ಚಕ್ರದ ಮೋಟರು ಒಂದೇ ಸಮ ಗುಡುಗುತ್ತಿತ್ತು. ನಾವು ಐದೂ ಜನ ಡಬ್ಬಿಗಳನ್ನು ನೋಡುತ್ತಾ ಕೂತೆವು. ಯಾರ ಕೈಯೂ ಮುಂದೆ ಹೋಗಲಿಲ್ಲ.

“ಉಣ್ರೋ,” ಎಂದ ಅಪ್ಪ.

“ಹಸಿವಿಲ್ಲ,” ಎಂದ ತಮ್ಮ. ನನಗೂ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಕುಡಿದ ಕಾಫಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೂ ಹಸಿವು ಎಲ್ಲಿ ಅಡಗಿತ್ತೋ.

ಅಜ್ಜಿ ಕಾರಣ ಕಂಡುಹಿಡಿದಳು. “ಮಿಷನ್ ಓಡ್ತಿರೋವಾಗ ಯಾರಾದ್ರೂ ಉಣ್ತಾರೇನೋ? ಗಂಟಲಲ್ಲಿ ಇಳೀತದಾ?”

ಅಪ್ಪ ಒಂದು ತುತ್ತು ಬಾಯಿಗಿಟ್ಟುಕೊಂಡು ಪರೀಕ್ಷೆ ಮಾಡಿದ. ಅದು ಬಾಯಲ್ಲೇ ಸುತ್ತಾಡಿತು. ಸೋತು ಗ್ರಾಫ್ ಹಾಳೆ ತೆಗೆದು, ಹಸಿರು ಚೌಕಗಳನ್ನು ಒಂದೂವರೆಯಿಂದ ಆಚೆಗೆ ಎಳೆದ. ಮೊದಲು ಚಕ್ರ, ಆಮೇಲೆ ಊಟ. ಅಮ್ಮ ಮುಚ್ಚಳ ಹಾಕಿದಳು. ಅವಳ ಕಣ್ಣೆಲ್ಲ ಚಕ್ರದ ಮೇಲಿತ್ತು.

ಒಂದು ಗಂಟೆಗೆ ಐದು ನಿಮಿಷವಿರುವಾಗ ಕರೆಂಟು ಹೋಯಿತು.

ಹಡಗು ತೂಗಾಡಿ ತೂಗಾಡಿ ನಿಂತಿತು. ಕಾರುಗಳು ಇದ್ದಲ್ಲೇ ನಿಂತವು. ಮೋಟರಿನ ಗುಡುಗು ಗಪ್ಪೆಂದಿತು. ಹೊಂಗೆ ಮರದಲ್ಲಿ ಹಕ್ಕಿಗಳಿವೆ ಎಂದು ಗೊತ್ತಾದದ್ದೇ ಆಗ. ಪಾರ್ಕಿನಲ್ಲಿದ್ದ ಜನರೆಲ್ಲ “ಓ” ಎಂದು ಬೇಸರದಿಂದ ಕೂಗಿದರು. ನಾವು ಕೂಗಲಿಲ್ಲ. ನಾವು ಊಟಕ್ಕೆ ಕೂತೆವು.

ಯಾರೂ ಯಾರನ್ನೂ ಕರೆಯಲಿಲ್ಲ. ಅಮ್ಮನ ಕೈ ತಾನಾಗಿ ಡಬ್ಬಿ ತೆರೆಯಿತು, ನಮ್ಮ ಕೈ ತಾನಾಗಿ ತಟ್ಟೆ ಹಿಡಿಯಿತು. ಬಾಯಲ್ಲಿ ನೀರು, ಹೊಟ್ಟೆಯಲ್ಲಿ ಬೆಂಕಿ. ಪುಳಿಯೋಗರೆ ಒಂದು ಸುತ್ತು, ಚಪಾತಿ ಇನ್ನೊಂದು ಸುತ್ತು, ಕೊನೆಗೆ ಮೊಸರನ್ನ. ಕರೆಂಟು ಯಾವ ಕ್ಷಣದಲ್ಲಿ ಬಂದುಬಿಡುತ್ತದೋ ಎಂಬ ಹಳೆಯ ಭಯಕ್ಕೆ ತಲೆ ಎತ್ತದೆ ನುಂಗಿದೆವು. ಅಜ್ಜಿ ಮೊಸರನ್ನವನ್ನು ಎರಡು ಸಲ ಹಾಕಿಸಿಕೊಂಡಳು. ಹುಲ್ಲಿನ ಆಚೆ ತುದಿಯಲ್ಲಿ ಇನ್ನೊಂದು ಸಂಸಾರವೂ ನಮ್ಮ ಹಾಗೇ ಗಬಗಬ ಉಣ್ಣುತ್ತಿತ್ತು. ಅಪ್ಪ ಬಾಯಿ ತುಂಬಿದ್ದಂತೆಯೇ, “ನಮ್ಮೂರವರೇ ಇರ್ಬೇಕು,” ಎಂದ.

ಅಷ್ಟು ಹೇಳಿದ ಮೇಲೆ ಅವನಿಗೆ ತಾನು ಏನು ಮಾಡುತ್ತಿದ್ದೇನೆಂಬ ಅರಿವಾಯಿತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಅಯ್ಯೋ! ಯಾರ್ರೋ ನಿಮಗೆ ಉಣ್ಣಿ ಅಂದೋರು?”

ಆಗಲೇ ಕರೆಂಟು ಬಂತು. ಚಕ್ರದ ಮೋಟರು ಗುಡುಗಿತು. ಗಡಿಯಾರದಲ್ಲಿ ಒಂದೂಕಾಲು. ಚಕ್ರದ ಬಳಿ ನಿಂತಿದ್ದವನು ಒಂದೂವರೆ ಚೀಟಿಯವರು ಬನ್ನಿ ಎಂದು ಕೂಗತೊಡಗಿದ.

ಅಪ್ಪ ತನ್ನ ಸಿದ್ಧಾಂತವನ್ನು ಬಿಟ್ಟುಕೊಡುವ ಮನುಷ್ಯನಲ್ಲ. ಕೈ ತೊಳೆದುಕೊಂಡು ತೀರ್ಪು ಕೊಟ್ಟ. “ಹೊಟ್ಟೆ ತುಂಬ ತುಂಬ್ಕೊಂಡು ಹತ್ತೋ ಹಂಗಿಲ್ಲ. ಅಷ್ಟು ಎತ್ತರದಿಂದ ಕಕ್ಕಿದ್ರೆ ಕೆಳಗಿರೋರ ಗತಿ ಏನು? ಎರಡೂಕಾಲರವರ್ಗೂ ಯಾರೂ ಹತ್ತಬಾರ್ದು.”

“ಎರಡೂಕಾಲಕ್ಕೆ ಚೀಟಿ ನಡೆಯಲ್ವಲ್ಲಪ್ಪ,” ಎಂದೆ ನಾನು. ನನಗೆ ಅಳು ಬರುವಂತಾಗಿತ್ತು. ನನಗಾಗಿ ಅಲ್ಲ. ಅಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ.

“ಏನ್ ಮಾಡೋಕಾಗ್ತದೆ? ಮುಂದಿನ ಸಲ—”

“ನಾನು ಉಂಡಿಲ್ಲ,” ಎಂದಳು ಅಮ್ಮ.

ಎಲ್ಲರೂ ಅವಳ ಕಡೆ ತಿರುಗಿದೆವು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮೊಸರನ್ನದ ಡಬ್ಬಿ. ಅವಳ ತಟ್ಟೆ ಬ್ಯಾಗಿನಿಂದ ಆಚೆಗೇ ಬಂದಿರಲಿಲ್ಲ.

“ಒಂದು ತುತ್ತೂ ಉಂಡಿಲ್ಲ. ನೀವು ಹೇಳಿದ ರೂಲ್ ಪ್ರಕಾರ ನಾನು ಹತ್ತಬೌದು.”

 ಹದಿನಾರು ವರ್ಷದಲ್ಲಿ ಅಪ್ಪನ ಸಿದ್ಧಾಂತವನ್ನು ಯಾರೂ ಅವನ ಮೇಲೆಯೇ ತಿರುಗಿಸಿರಲಿಲ್ಲ. “ಒಬ್ಬಳೇ ಹೆಂಗೆ ಹೋಗ್ತೀಯೇ? ಭಯ ಆಗಲ್ವಾ?”

“ಹೋಗ್ಲಿ ಬಿಡೋ,” ಎಂದಳು ಅಜ್ಜಿ, ಸೊಸೆಯ ಪರವಾಗಿ ತನ್ನ ಜನ್ಮದಲ್ಲಿ ಆಡಿದ ಮೊದಲ ಮಾತು ಎಂದು ನನ್ನ ಅಂದಾಜು. “ದಿನಾ ನೂಲಿನ ರಾಟೆ ಮುಂದೆ ಕೂತಿರ್ತಾಳೆ. ಇವತ್ತು ರಾಟೆ ಒಳಗೇ ಕೂತ್ಕಳ್ಳಿ.”

ಅಮ್ಮ ಅಪ್ಪನ ಒಪ್ಪಿಗೆಗೆ ಕಾಯಲಿಲ್ಲ. ಡಬ್ಬಿಯನ್ನು ವೈರಿನ ಬ್ಯಾಗಿಗೆ ಹಾಕಿ, ಬ್ಯಾಗನ್ನು ಮೊಣಕೈಗೆ ಸಿಕ್ಕಿಸಿಕೊಂಡು ನಡೆದೇಬಿಟ್ಟಳು. ನಾನು ಹಿಂದೆಯೇ ಓಡಿದೆ.

“ಅಮ್ಮಾ, ಬ್ಯಾಗ್ ಇಲ್ಲೇ ಬಿಟ್ಬಿಟ್ಟು ಹತ್ತಿ,” ಎಂದ ಚಕ್ರದವನು.

“ಅದ್ರಲ್ಲಿ ಔಷಧಿ ಐತೆ,” ಎಂದಳು ಅಮ್ಮ. ಅತ್ತೆಯಿಂದ ಅವಳು ಕಲಿತದ್ದು ಬರೀ ಅಡುಗೆಯನ್ನಲ್ಲ ಎಂದು ಆಗ ತಿಳಿಯಿತು. ಐದು ಚೀಟಿಗೆ ಒಂದು ತೊಟ್ಟಿಲು ಖಾಲಿ ಇಟ್ಟಿದ್ದರು. ಅದರ ನಡುಮಧ್ಯೆ ಅವಳೊಬ್ಬಳೇ ಕೂತಳು. ಚಕ್ರ ತಿರುಗಿತು.

ಮೊದಲ ಸುತ್ತಿಗೆ ಎರಡು ಕೈಯಲ್ಲೂ ಕಂಬಿ ಹಿಡಿದಿದ್ದಳು. ಎರಡನೆಯದಕ್ಕೆ ಒಂದು ಕೈ ಬಿಟ್ಟು ಸೆರಗು ಸರಿ ಮಾಡಿಕೊಂಡಳು. ಮೂರನೆಯದಕ್ಕೆ ನಕ್ಕಳು. ಅಪ್ಪ ಕೆಳಗಿಂದ ಪ್ರತಿ ಸುತ್ತಿಗೂ, “ಹಿಡ್ಕಳೇ, ಹಿಡ್ಕಳೇ!” ಎಂದು ಕೂಗುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಅಮ್ಮನ ತೊಟ್ಟಿಲು ತುತ್ತತುದಿಗೆ ಹೋಗುವುದಕ್ಕೂ ಕರೆಂಟು ಮತ್ತೆ ಹೋಗುವುದಕ್ಕೂ ಸರಿಹೋಯಿತು.

ಮೇಲಿದ್ದ ಹೆಂಗಸರು ಮಕ್ಕಳು ಕಿರುಚಿಕೊಂಡರು. ಅಪ್ಪನ ಮುಖ ಬಿಳಿಚಿಹೋಯಿತು. ಚಕ್ರದವನ ಅಂಗಿ ಹಿಡಿದುಕೊಂಡು, ಜನರೇಟರ್ ಹಾಕು ಎಂದ.

“ಐತೆ ಸಾರ್, ಜನರೇಟರ್ ಐತೆ. ಅದರ ಬೀಗದಕೈ ಇರೋನು ಊಟಕ್ಕೆ ಹೋಗವ್ನೆ.”

“ಊಟಕ್ಕೆ ಹೋಗೋ ಟೈಮೇನಯ್ಯಾ ಇದು? ಒಂದು ಲೆಕ್ಕ ಇಲ್ವಾ, ಪ್ಲಾನ್ ಇಲ್ವಾ?” ಎಂದು ಅಪ್ಪ ಅಬ್ಬರಿಸಿದ. ಅವನ ಮೀಸೆಯಲ್ಲಿ ಇನ್ನೂ ಒಂದು ಅಗುಳು ಪುಳಿಯೋಗರೆ ಇತ್ತು.

 ಅಮ್ಮ ಬಿದ್ದುಬಿಟ್ಟರೆ ಎಂಬುದನ್ನು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದೆ. ಬಿಸಿಲಿನಲ್ಲಿ ಅವಳ ಹಸಿರು ಸೀರೆಯಷ್ಟೇ ಕಂಡಿತು. ಬಗ್ಗಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳ ಮಡಿಲಲ್ಲಿ ಏನೋ ಫಳಕ್ಕೆಂದು ಹೊಳೆಯಿತು. ಸ್ಟೀಲ್ ಡಬ್ಬಿಯ ಮುಚ್ಚಳ.

ಮಿಷನ್ ನಿಂತಿತ್ತಲ್ಲ. ಅಮ್ಮ ಊಟಕ್ಕೆ ಕೂತಿದ್ದಳು.

“ಅಯ್ಯೋ, ಉಣ್ತಾವಳಲ್ಲೋ!” ಎಂದಳು ಅಜ್ಜಿ.

ಅಷ್ಟು ದೂರಕ್ಕೆ ಕೂಗಿದರೂ ಪ್ರಯೋಜನವಿರಲಿಲ್ಲ, ಸುತ್ತಲೂ ಗಲಾಟೆ. ಅಪ್ಪ ಎರಡು ಹೆಜ್ಜೆ ಹಿಂದೆ ಬಂದು, ಮಗ್ಗದ ಮನೆಯಲ್ಲಿ ಮಾಡುವ ಹಾಗೇ ಕೈಯೆತ್ತಿ ಸನ್ನೆ ಮಾಡತೊಡಗಿದ. ಏನಾಯ್ತು, ಹೆದರಬೇಡ, ಇಳಿಸ್ತೀವಿ. ಅಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಐದು ಬೆರಳನ್ನು ಜೋಡಿಸಿ ಬಾಯಿಗೆ ಒಯ್ದು ತೋರಿಸಿದಳು. ಆಮೇಲೆ ಎಡಗೈಯ ಅಂಗೈ ಮೇಲೆತ್ತಿದಳು.

ಇರು. ಆಮೇಲೆ.

ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವನು ನಿಧಾನಕ್ಕೆ ಅದನ್ನು ಕೆಳಗಿಳಿಸಿ, ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ.  ಗ್ರಾಫ್ ಹಾಳೆಯನ್ನು ಜೇಬಿನಿಂದ ತೆಗೆದು, ನೋಡಿ, ಮತ್ತೆ ಮಡಚಿ ಇಟ್ಟುಕೊಂಡ.

ಅಮ್ಮ ಅವಸರ ಮಾಡಲಿಲ್ಲ. ಒಂದು ತುತ್ತು ಕಲಸುವಳು, ಆಚೆ ಶಿವಗಂಗೆ ಬೆಟ್ಟದ ಕಡೆ ನೋಡುವಳು, ಬಾಯಿಗಿಡುವಳು. ಮೆಣಸಿನಕಾಯಿ ಕಚ್ಚಿ, ಖಾರವಾಯಿತೋ ಏನೋ, ತಲೆ ಕೊಡವಿದಳು. ಯಾರಿಗೂ ಬಡಿಸಬೇಕಾಗಿರಲಿಲ್ಲ, ಯಾರೂ ಸಾರು ಕೇಳುವಂತಿರಲಿಲ್ಲ. ಅವಳ ಊಟವನ್ನು ಮೊದಲಿನಿಂದ ಕೊನೆಯವರೆಗೆ ನಾನು ನೋಡಿದ್ದು ಅದೇ ಮೊದಲು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ಅವಳು ಯಾವ ಕೈಬೆರಳಿನಿಂದ ಡಬ್ಬಿಯ ತಳ ಸವರುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಹೊಟ್ಟೆಯಲ್ಲಿದ್ದ ಪುಳಿಯೋಗರೆ ಕಲ್ಲಿನ ಹಾಗೆ ಕೂತಿತು. ಅಂದು ಅಪ್ಪನ ಒಂದು ಗಂಟೆಯ ಸಿದ್ಧಾಂತ ನಿಜವಾಗುವ ಲಕ್ಷಣ ಕಂಡದ್ದು ನನ್ನಲ್ಲಿ, ಅದೂ ನೆಲದ ಮೇಲೆ ನಿಂತಿರುವಾಗ.

ಜನರೇಟರಿನವನು ಬಾಯಿ ಒರೆಸಿಕೊಳ್ಳುತ್ತಾ ಬಂದಾಗ ಅಮ್ಮ ಡಬ್ಬಿಗೆ ಮುಚ್ಚಳ ಹಾಕಿ ಆಗಿತ್ತು. ಚಕ್ರ ನಿಧಾನವಾಗಿ ತಿರುಗಿ ಅವಳನ್ನು ಕೆಳಗೆ ತಂದಿತು. ಬೇರೆ ತೊಟ್ಟಿಲುಗಳಿಂದ ಇಳಿದವರು ಅಳುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಮ್ಮ ಇಳಿದವಳೇ ನಲ್ಲಿ ಎಲ್ಲಿದೆ ಎಂದು ಕೇಳಿ ಕೈ ತೊಳೆದುಕೊಂಡಳು.

“ಭಯ ಆಯ್ತಾ?” ಎಂದ ಅಪ್ಪ. ಅವನ ದನಿ ಮೆತ್ತಗಿತ್ತು. ಮಗ್ಗದ ಮನೆಯವನಿಂದ ಅಂಥ ದನಿ ನಾನು ಕೇಳಿರಲಿಲ್ಲ.

“ಇಲ್ಲ.”

“ಏನೇನು ಕಾಣಿಸ್ತು?”

ಅಮ್ಮ ಡಬ್ಬಿಯನ್ನು ತೊಳೆದು, ನೀರು ಕೊಡವಿ, ಬ್ಯಾಗಿಗೆ ಹಾಕಿದಳು. ಹೇಳಲೋ ಬೇಡವೋ ಎಂಬಂತೆ ನಮ್ಮ ನಾಲ್ವರನ್ನೂ ಒಮ್ಮೆ ನೋಡಿದಳು.

“ಮೊಸರನ್ನಕ್ಕೆ ನಾನು ಉಪ್ಪೇ ಹಾಕಿರ್ಲಿಲ್ಲ,” ಎಂದಳು. “ನಾಲ್ಕು ಜನ ಉಂಡ್ರಲ್ಲ, ಒಬ್ರಿಗೂ ಗೊತ್ತಾಗ್ಲಿಲ್ವಾ?”

ಅಜ್ಜಿ ಅಪ್ಪನನ್ನು ನೋಡಿದಳು. ಅಪ್ಪ ನನ್ನನ್ನು ನೋಡಿದ. ನಾನು ತಮ್ಮನನ್ನು ನೋಡಿದೆ. ಅವನು ಇದ್ದುದರಲ್ಲಿ ಬುದ್ಧಿವಂತ, ಮುಂದಿನ ಆಟಕ್ಕೆ ಎಷ್ಟು ಗಂಟೆಯ ಚೀಟಿ ಎಂದು ಕೇಳಿದ.